ಕೊಟ್ಟವರಿಲ್ಲದ ದತ್ತು

'ದತ್ತ' ಎಂದರೆ ಕೊಡಲ್ಪಟ್ಟದ್ದು ಎಂದು ಅರ್ಥ. ಹಳೆಯ ಮನೆಗಳಲ್ಲಿ ದತ್ತುಸ್ವೀಕಾರ ನಡೆದುದನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹೋಮ, ಮಂತ್ರ, ಊಟ ಎಲ್ಲವೂ ಆಮೇಲಿನ ಮಾತು. ಹೆತ್ತವರು ಎದುರಿಗೆ ಕುಳಿತು, ಹತ್ತು ಜನರ ಮುಂದೆ, ತಮ್ಮ ಮಗುವನ್ನು ಇನ್ನೊಬ್ಬರ ಮಡಿಲಿಗೆ ಇಡುವ ಆ ಒಂದು ಗಳಿಗೆಯೇ ಮುಖ್ಯವಾದದ್ದು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ದತ್ತಹೋಮ ಅವಶ್ಯವಲ್ಲವೆಂದು ಬಿಟ್ಟುಕೊಟ್ಟಿತು. ಕೊಡುವುದು ಮತ್ತು ತೆಗೆದುಕೊಳ್ಳುವುದು ಮಾತ್ರ ನಿಜವಾಗಿ ನಡೆಯಲೇಬೇಕೆಂದು ವಿಧಿಸಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕ ಕಾಯಿದೆ ಬರೆದವರಿಗೆ ಇತ್ತು.

ಮಗು ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಹೋಗುವಾಗ ಈ ಗಳಿಗೆಯೇ ಇಲ್ಲವಾಗುತ್ತದೆ. ತೆಗೆದುಕೊಳ್ಳುವವರು ಒಂದು ಖಂಡದಲ್ಲಿ ಕುಳಿತು ಅರ್ಜಿ ತುಂಬುತ್ತಾರೆ. ಮಗು ಇನ್ನೊಂದು ಖಂಡದ ಯಾವುದೋ ಆಶ್ರಮದಲ್ಲಿ ಇರುತ್ತದೆ. ನಡುವೆ ಸಂಸ್ಥೆ, ನ್ಯಾಯಾಲಯ, ರಹದಾರಿ, ವಿಮಾನ. ಹೆತ್ತವಳು ಎಲ್ಲಿಯೂ ಕಾಣುವುದಿಲ್ಲ. ಇಂಥ ದತ್ತನ್ನು ಕುರಿತು ಬರುವ ಪುಸ್ತಕಗಳಲ್ಲಿಯೂ ಆಕೆ ಕಾಣುವುದು ಅಪರೂಪ. ಮಗು ಬೇಕೆಂಬ ದಂಪತಿಗಳ ಹಂಬಲದಿಂದ ಕಥೆ ಆರಂಭವಾಗುತ್ತದೆ. ಮಗು ಬಂದಿಳಿದ ವಿಮಾನನಿಲ್ದಾಣದಲ್ಲಿ ಮುಗಿಯುತ್ತದೆ. ಮಗುವಿಗೆ ಅದಕ್ಕೆ ಮೊದಲೇ ಒಂದು ಆರಂಭವಿತ್ತು ಎಂಬುದು ಮರೆತುಹೋಗುತ್ತದೆ. ಆದುದರಿಂದ ಇಂಥ ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಕೊಟ್ಟವರಾರು?

ಈ ಪ್ರಶ್ನೆಯನ್ನು ಇಟ್ಟುಕೊಂಡು ಸರೂ ಬ್ರಿಯರ್ಲಿ ಅವರ 'ಎ ಲಾಂಗ್ ವೇ ಹೋಮ್' ಎಂಬ ಆತ್ಮಕಥನವನ್ನು ಮತ್ತೊಮ್ಮೆ ಓದಿದೆ. ಲ್ಯಾರಿ ಬಟ್ರೋಸ್ ಎಂಬ ಲೇಖಕರ ನೆರವಿನಿಂದ ಬರೆದ ಈ ಪುಸ್ತಕ ೨೦೧೩ರಲ್ಲಿ ಹೊರಬಂತು. ೨೦೧೬ರಲ್ಲಿ ಗಾರ್ತ್ ಡೇವಿಸ್ ಅವರು ಇದನ್ನು 'ಲಯನ್' ಎಂಬ ಚಲನಚಿತ್ರವಾಗಿ ಮಾಡಿದ ಮೇಲೆ ಕಥೆ ಮನೆಮಾತಾಯಿತು. ಆದುದರಿಂದ ಅದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಿದರೆ ಸಾಕು. ಮಧ್ಯಪ್ರದೇಶದ ಖಂಡ್ವಾದ ಬಡ ಕೇರಿಯೊಂದರ ಐದು ವರ್ಷದ ಹುಡುಗ ಅಣ್ಣನ ಜೊತೆ ಬುರ್‌ಹಾನ್‌ಪುರದ ಸ್ಟೇಷನ್ನಿಗೆ ಹೋಗಿ, ಅಲ್ಲಿ ನಿದ್ದೆಹೋಗಿ, ಎಚ್ಚರವಾದಾಗ ಅಣ್ಣ ಕಾಣದೆ, ನಿಂತಿದ್ದ ರೈಲನ್ನು ಹತ್ತುತ್ತಾನೆ. ರೈಲು ಅವನನ್ನು ಸುಮಾರು ೧,೫೦೦ ಕಿಲೋಮೀಟರು ದೂರದ ಕಲ್ಕತ್ತೆಗೆ ಒಯ್ಯುತ್ತದೆ. ಕೆಲವು ವಾರ ಬೀದಿಯಲ್ಲಿ ಅಲೆದು, ಪೋಲೀಸರ ಕೈಸೇರಿ, ಬಾಲಗೃಹವೊಂದರಲ್ಲಿದ್ದು, ಕೊನೆಗೆ ಸರೋಜ್ ಸೂದ್ ಅವರ ದತ್ತು ಸಂಸ್ಥೆಯ ಮೂಲಕ ೧೯೮೭ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ, ಸ್ಯೂ ಮತ್ತು ಜಾನ್ ಬ್ರಿಯರ್ಲಿ ದಂಪತಿಗಳ ಮನೆಗೆ, ಸೇರುತ್ತಾನೆ. ಬೆಳೆದ ಮೇಲೆ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರಗಳನ್ನು ನೋಡಿ ನೋಡಿ ೨೦೧೧ರಲ್ಲಿ ತನ್ನ ಊರನ್ನು ಗುರುತಿಸುತ್ತಾನೆ. ೨೦೧೨ರಲ್ಲಿ ಹೋಗಿ ತಾಯಿಯನ್ನು ಕಾಣುತ್ತಾನೆ.

ಜನ ಮೆಚ್ಚಿದ್ದು ಈ ಕಳೆದುಹೋಗುವಿಕೆ ಮತ್ತು ಸಿಗುವಿಕೆಗಳನ್ನು. ಅದು ಸಹಜವೇ. ಆದರೆ ಎರಡನೆಯ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕದ ನಡುವೆ ಬರುವ ಒಂದು ಅಧ್ಯಾಯ. ಹೋಬಾರ್ಟಿನ ಒಂದು ಮನೆಯಲ್ಲಿ ಗಂಡಹೆಂಡಿರು ಪರದೇಶದ ಮಗುವನ್ನು ತರುವ ನಿರ್ಧಾರ ಮಾಡಿ ಅರ್ಜಿಯ ದಾರಿ ಹಿಡಿದುದನ್ನು ಹೇಳುವ ಅಧ್ಯಾಯ ಅದು. ಮಗನೇ ತಾಯಿಯ ಪರವಾಗಿ ಇದನ್ನು ಬರೆದಿದ್ದಾನೆ. ತನಗಿಂತ ಮೊದಲಿನ ತಾಯಿಯ ಬಾಳನ್ನು ಮಗ ಅಕ್ಕರೆಯಿಂದ ಕಲ್ಪಿಸಿಕೊಳ್ಳುವ ರೀತಿಯೇ ಇಲ್ಲಿ ಚೆನ್ನಾಗಿದೆ.

ಸ್ಯೂ ಅವರ ತಂದೆತಾಯಿಗಳು ಯುದ್ಧದ ತರುವಾಯ ಯೂರೋಪಿನಿಂದ ವಲಸೆ ಬಂದವರು. ತಂದೆಯದು ಕಠಿಣ ಸ್ವಭಾವ, ಮನೆಯಲ್ಲಿ ನೆಮ್ಮದಿಯಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ಬಹಳ ನೊಂದಿದ್ದ ಒಂದು ದಿನ, ಕಂದುಬಣ್ಣದ ಒಂದು ಮಗು ತನ್ನ ಪಕ್ಕದಲ್ಲಿ ನಿಂತಂತೆ ಆಕೆಗೆ ಕಂಡಿತಂತೆ. ಮದುವೆಯಾದ ಮೇಲೂ ಆ ಅನುಭವ ಮರೆಯಲಿಲ್ಲ. ಜಗತ್ತಿನಲ್ಲಿ ಈಗಾಗಲೇ ಬೇಕಾದಷ್ಟು ಮಕ್ಕಳಿದ್ದಾರೆ, ಅವರಲ್ಲಿ ದಿಕ್ಕಿಲ್ಲದವರನ್ನು ಸಾಕುವುದೇ ಸರಿ, ಎಂದು ದಂಪತಿಗಳು ತೀರ್ಮಾನಿಸಿದರು. ಆದರೆ ಮಕ್ಕಳಾಗಬಲ್ಲವರಿಗೆ ದತ್ತು ಕೊಡಲು ಆಗಿನ ರಾಜ್ಯದ ಕಾನೂನು ಒಪ್ಪುತ್ತಿರಲಿಲ್ಲ. ಅವರು ವರ್ಷಗಟ್ಟಲೆ ಕಾದರು; ನಡುವೆ ದೂರದ ದೇಶಗಳ ಮಕ್ಕಳಿಗೆ ಹಣ ಕಳಿಸಿ ನೆರವಾದರು; ಕಾನೂನು ಬದಲಾದ ಮೇಲೆ ಅರ್ಜಿ ಹಾಕಿದರು.

ನಮ್ಮಲ್ಲಿ ದತ್ತಿಗೆ ಕಾರಣ ಬೇರೆ. ವಂಶ ನಿಲ್ಲಬಾರದು, ಪಿಂಡ ತಪ್ಪಬಾರದು, ಆಸ್ತಿ ಕೈಬಿಡಬಾರದು. ಮಕ್ಕಳಾಗುವಂತಿದ್ದೂ ಬೇಡವೆಂದು ಬೇರೆಯವರ ಮಗುವಿಗೆ ಕೈಚಾಚಿದವರ ಕಥೆ ನಮಗೆ ವಿಚಿತ್ರವೆನಿಸಬಹುದು. 'ಲಯನ್' ಚಿತ್ರದಲ್ಲಿ ನಿಕೋಲ್ ಕಿಡ್ಮನ್ ಅವರು ಮಗನ ಮುಂದೆ ಇದೇ ಮಾತನ್ನು ಆಡುವ ದೃಶ್ಯವಿದೆ. ತನಗೆ ಮಗುವಾಗಲಿಲ್ಲವೆಂದು ಅವನನ್ನು ತಂದದ್ದಲ್ಲ, ಅವನೇ ಬೇಕೆಂದು ತಂದದ್ದು, ಎಂದು ಆಕೆ ಹೇಳುತ್ತಾರೆ. ಅಭಿನಯ ಸೊಗಸಾಗಿದೆ. ಆದರೆ ಪುಸ್ತಕದಲ್ಲಿ ಆ ನಿರ್ಧಾರ ವರ್ಷಗಳ ಕಾಯುವಿಕೆಯ ಫಲ; ಚಿತ್ರದಲ್ಲಿ ಅದು ಮೂರು ನಿಮಿಷದ ಭಾಷಣ. ಕಾಯುವುದನ್ನು ತೋರಿಸಲು ಸಿನಿಮಾಕ್ಕೆ ಪುರಸೊತ್ತಿಲ್ಲ. ಇಂಥ ಕುಟುಂಬದ ಬಾಳಿನಲ್ಲಿ ಕಾಯುವುದೇ ಮುಖ್ಯ ಸಂಗತಿಯಾದುದರಿಂದ ಈ ನಷ್ಟ ಸಣ್ಣದಲ್ಲ.

ಅರ್ಜಿ ಒಪ್ಪಿಗೆಯಾದ ಮೇಲೆ ದಂಪತಿಗಳು ಎರಡು ಕೆಲಸ ಮಾಡಿದರು. ಒಂದು ಕೆಂಪು ಚಿತ್ರಸಂಪುಟವನ್ನು ಸಿದ್ಧಪಡಿಸಿ ಕಲ್ಕತ್ತೆಗೆ ಕಳಿಸಿದರು. ಅದರಲ್ಲಿ ತಾವು, ತಮ್ಮ ಮನೆ, ಕಾರು, ಅವನನ್ನು ಕರೆತರುವಂಥ ವಿಮಾನ. ಮಗು ತನ್ನ ಹೊಸ ಮನೆಯನ್ನು ಮೊದಲೇ ಗುರುತಿಸಲಿ ಎಂಬ ಯೋಚನೆ. ಇದನ್ನು ಯಾರೂ ಮಾಡಬಹುದು. ಬಹಳ ಜನ ಮಾಡುತ್ತಾರೆ. ಎರಡನೆಯ ಕೆಲಸ ಹಾಗಲ್ಲ. ಮಗುವಿಗೆಂದು ಅಣಿಮಾಡಿದ ಕೋಣೆಯ ಗೋಡೆಯ ಮೇಲೆ ಭಾರತದ ಭೂಪಟವೊಂದನ್ನು ತೂಗುಹಾಕಿದರು. ಮೊದಲನೆಯದು ಮಗುವಿಗೆ ಅದು ಬರುವ ಮನೆಯನ್ನು ತೋರಿಸಿದರೆ, ಎರಡನೆಯದು ಬಿಟ್ಟುಬಂದ ಮನೆಯನ್ನು ಮರೆಯದಂತೆ ನೋಡಿಕೊಂಡಿತು. ಮರೆತರೇನೇ ಮಗು ಪೂರ್ತಿ ನಮ್ಮದಾದೀತು ಎಂದು ಭಾವಿಸುವ ಮನೆಗಳೇ ಹೆಚ್ಚು. ಈ ಮನೆಯವರು ಹಾಗೆ ಭಾವಿಸಲಿಲ್ಲ.

ಹುಡುಗ ಬಂದು ಸುಮಾರು ಒಂದು ವರ್ಷವಾದ ಮೇಲೆ, ಇಂಗ್ಲಿಷು ಅಷ್ಟಿಷ್ಟು ಬಾಯಿಗೆ ಹತ್ತಿದಾಗ, ತನ್ನ ಊರಿನ ಸಂಗತಿಗಳನ್ನು ತಾಯಿಗೆ ಹೇಳತೊಡಗುತ್ತಾನೆ. ಸ್ಟೇಷನ್ನು, ಸೇತುವೆ, ನದಿ, ಮನೆಗೆ ಹೋಗುವ ದಾರಿ. ಸ್ಯೂ ಪುಸ್ತಕವೊಂದರಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಅವನು ಹೇಳಿದಂತೆ ಒಂದು ನಕಾಶೆಯನ್ನೂ ಗೀಚುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಹೃದಯ ಈ ಪುಟವೇ. ಈ ದತ್ತಿನಲ್ಲಿ ಎಷ್ಟೋ ಕಾಗದಗಳು ಹುಟ್ಟಿದ್ದುವು: ದಂಪತಿಗಳ ಯೋಗ್ಯತೆಯ ವರದಿ, ನ್ಯಾಯಾಲಯದ ಆಜ್ಞೆ, ರಹದಾರಿ. ಅವುಗಳಲ್ಲಿ ಒಂದಕ್ಕೂ ಹುಡುಗನ ನಿಜವಾದ ಹೆಸರು ತಿಳಿದಿರಲಿಲ್ಲ. ಅವನು 'ಶೇರು', ಹಾಗೆಂದರೆ ಸಿಂಹ. ಎಳೆಯ ನಾಲಗೆಯಲ್ಲಿ ಅದು 'ಸರೂ' ಆಗಿ, ಕಾಗದಕ್ಕೆ ಏರಿ, ಹಾಗೆಯೇ ನಿಂತುಬಿಟ್ಟಿತು. 'ಗಣೇಶ್ ತಲಾಯಿ' ಎಂಬ ಕೇರಿಯ ಹೆಸರನ್ನು ಅವನು ಹೇಗೋ ಉಚ್ಚರಿಸಿದ. ಕಲ್ಕತ್ತೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಮೊಹರು ಬಿದ್ದ ಕಾಗದಗಳೆಲ್ಲ ತಪ್ಪಿದ ಕಡೆ, ಅಡಿಗೆ ಮಾಡುತ್ತ ಮಗನ ಮಾತು ಕೇಳಿದ ತಾಯಿಯೊಬ್ಬಳ ಗೀಚು ತಪ್ಪಲಿಲ್ಲವೆಂದು ಹೇಳಬಹುದು. ಬೆಳೆದ ಮಗ ರೈಲಿನ ವೇಗವನ್ನು ಪಯಣದ ಗಂಟೆಗಳಿಂದ ಗುಣಿಸಿ, ಕಲ್ಕತ್ತೆಯ ಸುತ್ತ ವೃತ್ತವೆಳೆದು, ಹಳಿಗಳ ಗುಂಟ ರಾತ್ರಿಗಳನ್ನು ಕಳೆದು ನೀರಿನ ತೊಟ್ಟಿ, ಮೇಲುಸೇತುವೆಗಳನ್ನು ಗುರುತಿಸುತ್ತಾನಲ್ಲ, ಆ ಹುಡುಕಾಟ ಮೊದಲಾದದ್ದು ಉಪಗ್ರಹದಿಂದಲ್ಲ. ಆ ಗೋಡೆಯಿಂದ ಮತ್ತು ಆ ಪುಟದಿಂದ.

ಇಷ್ಟು ಹೇಳಿದ ಮೇಲೆ ಪುಸ್ತಕದ ಕೊರತೆಯನ್ನೂ ಹೇಳಬೇಕು. ಕೊಟ್ಟವರಾರು ಎಂಬ ಪ್ರಶ್ನೆಯನ್ನು ಗ್ರಂಥಕರ್ತರು ತಾವಾಗಿ ಎತ್ತುವುದಿಲ್ಲ. ಕಥೆಯೇ ಅದನ್ನು ಎತ್ತುತ್ತದೆ. ಅವರು 'ವಿಧಿ' ಎಂಬ ಮಾತಿನಿಂದ ಮುಚ್ಚುತ್ತಾರೆ. ಖಂಡ್ವಾದಲ್ಲಿ ಕಲ್ಲು ಹೊತ್ತು ಮಕ್ಕಳನ್ನು ಸಾಕುತ್ತಿದ್ದ ಕಮಲಾ ತನ್ನ ಮಗನನ್ನು ಯಾರಿಗೂ ಕೊಡಲಿಲ್ಲ. ಹುಡುಗನ ಚಿತ್ರವನ್ನು ಪತ್ರಿಕೆಗಳಲ್ಲಿ ಹಾಕಿಸಿದರಂತೆ. ಕಲ್ಕತ್ತೆಯ ಕಡೆಯ ಪತ್ರಿಕೆಯನ್ನು ಮಧ್ಯಪ್ರದೇಶದ ಕೂಲಿ ಹೆಂಗಸು ನೋಡುವುದೆಲ್ಲಿ? ಯಾರೂ ಬಂದು ಕೇಳಲಿಲ್ಲ; ಆದುದರಿಂದ ಹುಡುಗ ದತ್ತಿಗೆ ಅರ್ಹನೆಂದು ತೀರ್ಮಾನವಾಯಿತು. ಯಾರ ದುರುದ್ದೇಶವೂ ಇದರಲ್ಲಿ ಕಾಣುವುದಿಲ್ಲ. ಆದರೂ ಇಲ್ಲಿ ತೆಗೆದುಕೊಂಡವರಿದ್ದಾರೆ, ಕೊಟ್ಟವರಿಲ್ಲ.

ಗ್ರಂಥಕರ್ತರ ಮೌನಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸಾಕಿದವರನ್ನು ಪ್ರೀತಿಸುವ ಮಗ, ಅವರು ಪಡೆದ ರೀತಿಯನ್ನು ಪ್ರಶ್ನಿಸಿದರೆ ಕೃತಘ್ನನಾದೇನೆಂದು ಅಂಜಬಹುದು. ಆದರೆ ಸತ್ಯವನ್ನು ಹೇಳಿದರೆ ಕೃತಜ್ಞತೆಗೆ ಕುಂದು ಬರುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಅವರ ಕೈಯಲ್ಲಿಯೇ ಇತ್ತು. ಬ್ರಿಯರ್ಲಿ ದಂಪತಿಗಳು ಕಲ್ಕತ್ತೆಯಿಂದಲೇ ಎರಡನೆಯ ಹುಡುಗನೊಬ್ಬನನ್ನೂ ತಂದರು. ಸರೂವಿನ ಕಾಗದಪತ್ರ ಕೆಲವು ತಿಂಗಳಲ್ಲಿ ಮುಗಿಯಿತು. ಎರಡನೆಯವನದು ಬಹಳ ಕಾಲ ಎಳೆಯಿತು. ಕಾಯುತ್ತಿದ್ದ ಆ ಕಾಲದಲ್ಲಿ ಅವನು ಅನುಭವಿಸಿದ ಹಿಂಸೆ ಅವನನ್ನು ಮುಂದೆಯೂ ಬಿಡಲಿಲ್ಲ. ಒಂದು ಕಡೆ ಬೇಗ ಮುಗಿದುದರಿಂದ ಬದುಕಿದ್ದ ತಾಯಿಯೊಬ್ಬಳ ಹಕ್ಕು ಹೋಯಿತು. ಇನ್ನೊಂದು ಕಡೆ ತಡವಾದುದರಿಂದ ಮಗುವಿನ ಬಾಲ್ಯ ಹೋಯಿತು. ಇಂಥ ದತ್ತಿನ ಅತ್ಯಂತ ಕಠಿಣವಾದ ಸಮಸ್ಯೆ ಇದೇ. ಪುಸ್ತಕದಲ್ಲಿ ಎರಡು ಸಂಗತಿಗಳೂ ಇವೆ. ಆದರೆ ಬೇರೆ ಬೇರೆ ಪುಟಗಳಲ್ಲಿ ಇವೆ. ಒಂದರ ಎದುರಿಗೆ ಒಂದನ್ನು ಇಟ್ಟು ನೋಡಿದ್ದರೆ ಈ ಕೃತಿ ಅಚ್ಚರಿಯ ಕಥನವನ್ನು ದಾಟಿ ಗಂಭೀರ ಸಾಹಿತ್ಯವಾಗುತ್ತಿತ್ತು.

ಈ ಸಮಸ್ಯೆ ನಮ್ಮ ದೇಶಕ್ಕೆ ತಿಳಿಯದೆ ಇದ್ದುದಲ್ಲ. ಪರದೇಶಕ್ಕೆ ಮಕ್ಕಳನ್ನು ಕಳಿಸುವುದರಲ್ಲಿ ಅನ್ಯಾಯ ನಡೆಯುತ್ತಿದೆಯೆಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ೧೯೮೨ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಕೋರ್ಟು ಅದನ್ನೇ ಅರ್ಜಿಯೆಂದು ಸ್ವೀಕರಿಸಿತು. ೧೯೮೪ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪು ಕೊಟ್ಟರು: ಮೊದಲು ಮಗುವಿಗೆ ದೇಶದೊಳಗೇ ಮನೆ ಹುಡುಕಬೇಕು, ಪರದೇಶದವರು ಮನ್ನಣೆ ಪಡೆದ ಸಂಸ್ಥೆಯ ಮೂಲಕವೇ ಬರಬೇಕು, ಅವರ ಮನೆಯನ್ನು ಪರಿಶೀಲಿಸಿದ ವರದಿ ಜೊತೆಗಿರಬೇಕು. ಸರೂ ಹೊರಟದ್ದು ಈ ತೀರ್ಪಿನ ಮೂರು ವರ್ಷದ ತರುವಾಯ. ಮುಂದೆ ೧೯೯೦ರಲ್ಲಿ ಕೇಂದ್ರ ಪ್ರಾಧಿಕಾರ ಬಂತು. ೧೯೯೩ರ ಹೇಗ್ ಒಪ್ಪಂದವನ್ನು ಭಾರತ ೨೦೦೩ರಲ್ಲಿ ಅಂಗೀಕರಿಸಿತು. ೨೦೧೫ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಮಗುವನ್ನು ತಾವೇ ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಾಯಿಸಲು ಎರಡು ತಿಂಗಳ ಕಾಲಾವಕಾಶವಿದೆ. ಸಿಕ್ಕಿದ ಮಗು ಎರಡು ವರ್ಷದ ಒಳಗಿನದಾದರೆ ಎರಡು ತಿಂಗಳಲ್ಲಿ, ಅದಕ್ಕೆ ಮೇಲ್ಪಟ್ಟದ್ದಾದರೆ ನಾಲ್ಕು ತಿಂಗಳಲ್ಲಿ, ಅದು ದತ್ತಿಗೆ ಮುಕ್ತವೋ ಅಲ್ಲವೋ ಎಂದು ತೀರ್ಮಾನವಾಗಬೇಕು. ನಿಯಮಗಳು ಒಳ್ಳೆಯವೇ. ಆದರೆ ನಾಲ್ಕು ತಿಂಗಳೆಂಬುದು ಆಶ್ರಮದಲ್ಲಿರುವ ಮಗುವಿಗೆ ಒಂದು ಯುಗ. ಹುಡುಕುತ್ತಿರುವ ತಾಯಿಗೆ ಒಂದು ಕ್ಷಣ. ಎರಡು ಕಾಲಮಾನಗಳನ್ನು ಒಂದೇ ಕಾಯಿದೆಯಲ್ಲಿ ಅಳೆಯಬೇಕಾಗಿ ಬಂದಿರುವ ಈ ಸಂಕಟವನ್ನು ಹೇಳಬೇಕಾದದ್ದು ಸಾಹಿತ್ಯವೇ.

ನಮ್ಮ ಸಾಹಿತ್ಯ ಇದನ್ನು ಹೇಳಿದೆಯೆ? ಓದುಗರಿಗೆ ಕೂಡಲೆ ಕರ್ಣನ ನೆನಪಾಗಬಹುದು. ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳು ಅವನಿಗಾಗಿ ಕರಗಿದ್ದಾರೆ. ಆದರೆ ಅವರ ಕಣ್ಣೆಲ್ಲ ಹೆತ್ತ ಕುಂತಿಯ ಮೇಲೆ. ಯುದ್ಧದ ಹೊಸ್ತಿಲಲ್ಲಿ ಅವಳು ಮಗನ ಬಳಿಗೆ ಬರುವ ಆ ಸನ್ನಿವೇಶದ ಮೇಲೆ. ವ್ಯಾಸಭಾರತದ ಕರ್ಣ ಕೃಷ್ಣನೆದುರಿಗೆ ರಾಧೆಯ ವಾತ್ಸಲ್ಯವನ್ನು ಮನಸಾರೆ ನೆನೆಯುತ್ತಾನೆ. ಆದರೂ 'ರಾಧೇಯ' ಎಂಬ ಹೆಸರೊಂದನ್ನು ಬಿಟ್ಟರೆ ರಾಧೆಗೆ ಕಾವ್ಯದಲ್ಲಿ ಸಿಕ್ಕ ಸ್ಥಳ ಅಲ್ಪವೇ. ದಾಸರಲ್ಲಿ ಇದು ತಿರುಗುಮುರುಗಾಯಿತು. ಆಡಿಸಿದ ಯಶೋದೆಗೆ ಹಾಡುಗಳೆಲ್ಲ ಸಂದುವು. ಸೆರೆಮನೆಯಲ್ಲಿ ಹೆತ್ತ ದೇವಕಿ ಹಿಂದೆ ಉಳಿದಳು. ಹೆತ್ತವಳೂ ಸಾಕಿದವಳೂ ಒಂದೇ ಪುಟದಲ್ಲಿ ಸಮನಾಗಿ ನಿಲ್ಲುವುದು ನಮ್ಮಲ್ಲಿಯೂ ದುರ್ಲಭ. ಹಾಗಿರುವಾಗ ಬ್ರಿಯರ್ಲಿಯವರನ್ನು ಮಾತ್ರ ದೂರುವುದು ಸಲ್ಲದು. ಅಷ್ಟೇ ಅಲ್ಲ, ಈ ಒಂದು ವಿಷಯದಲ್ಲಿ ಅವರು ನಮ್ಮ ಕವಿಗಳಿಗಿಂತ ಒಂದು ಹೆಜ್ಜೆ ಮುಂದೆಯೇ ಹೋಗಿದ್ದಾರೆ. ಇಬ್ಬರು ತಾಯಂದಿರನ್ನೂ ಅಮ್ಮಾ ಎಂದು ಕರೆದಿದ್ದಾರೆ; ಒಬ್ಬರನ್ನು ದೊಡ್ಡವರನ್ನಾಗಿ ಮಾಡಲು ಇನ್ನೊಬ್ಬರನ್ನು ಚಿಕ್ಕವರನ್ನಾಗಿ ಮಾಡಿಲ್ಲ.

ಆದರೂ ತಕ್ಕಡಿ ಸಮನಾಗಿಲ್ಲ. ಸ್ಯೂ ಅವರ ಕಥೆ ಮಗನ ಪುಸ್ತಕದಲ್ಲಿ ಬಂತು, ಚಿತ್ರದಲ್ಲಿ ಬಂತು, ೨೦೨೦ರಲ್ಲಿ 'ಲಯನೆಸ್' ಎಂಬ ಅವರದೇ ಪುಸ್ತಕವೂ ಬಂತು. ಕಮಲಾ ಅವರ ಮಾತು ನಮ್ಮನ್ನು ಮುಟ್ಟುವುದು ದುಭಾಷಿಯ ಮೂಲಕ, ಮಗನ ಮೂಲಕ, ಇಂಗ್ಲಿಷಿನ ಮೂಲಕ. ಮಗನಿಗೆ ಹಿಂದಿ ಮರೆತುಹೋಗಿತ್ತು. ಇಪ್ಪತ್ತೈದು ವರ್ಷದ ಮೇಲೆ ಎದುರುಬದುರು ನಿಂತ ತಾಯಿ ಮಗನ ನಡುವೆ ಮಾತು ಕೊಡಿಸಲು ಮೂರನೆಯವರು ಬೇಕಾಯಿತು. ಆಕೆ ಕಳೆದುಕೊಂಡದ್ದು ಒಬ್ಬನನ್ನಲ್ಲ. ಅದೇ ರಾತ್ರಿ ಹಿರಿಯ ಮಗ ಗುಡ್ಡು ರೈಲಿಗೆ ಸಿಕ್ಕಿ ಸತ್ತಿದ್ದ. ಒಬ್ಬನ ಸಾವಿನ ಸುದ್ದಿ ಬಂತು. ಇನ್ನೊಬ್ಬನ ಸುದ್ದಿಯೇ ಇಲ್ಲ. ಚಿಕ್ಕವನು ಎಂದಾದರೂ ಬಂದರೆ ತನ್ನನ್ನು ಎಲ್ಲಿ ಹುಡುಕಿಯಾನು ಎಂದು ಆಕೆ ಆ ಕೇರಿಯನ್ನೇ ಬಿಡಲಿಲ್ಲ. ಮನೆ ಬದಲಾಯಿಸಿದರೂ ಹತ್ತಿರದಲ್ಲಿಯೇ ಇದ್ದಳು. ಹೋಬಾರ್ಟಿನ ತಾಯಿ ಗೋಡೆಯ ಮೇಲೆ ಭೂಪಟ ತೂಗುಹಾಕಿದರೆ, ಖಂಡ್ವಾದ ತಾಯಿ ತಾನೇ ಭೂಪಟದ ಒಂದು ಗುರುತಾಗಿ ನಿಂತಳು. ಒಬ್ಬರಿಗೊಬ್ಬರು ಅರಿಯದೆ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು. ಇದು ಪುಸ್ತಕದಲ್ಲಿ ಇದೆ. ಆದರೆ ಅದರ ತೂಕ ಗ್ರಂಥಕರ್ತರಿಗೆ ಪೂರ್ತಿ ತಿಳಿದಂತೆ ಕಾಣುವುದಿಲ್ಲ.

ಈ ಪುಸ್ತಕ ಬಂದ ಮೇಲೆ ಜಗತ್ತಿನಲ್ಲಿ ಬೇರೆ ಸಂಗತಿಗಳು ಹೊರಬಿದ್ದಿವೆ. ಹಿಂದಿನ ದತ್ತುಗಳಲ್ಲಿ ನಡೆದ ಅಕ್ರಮಗಳನ್ನು ಸಮಿತಿಯೊಂದು ಬಯಲಿಗೆಳೆದ ಮೇಲೆ ನೆದರ್ಲೆಂಡ್ಸ್ ಸರಕಾರ ೨೦೨೧ರಲ್ಲಿ ಪರದೇಶದ ದತ್ತನ್ನು ತಡೆಹಿಡಿಯಿತು. ಚೀನಾ ೨೦೨೪ರಲ್ಲಿ, ಬಂಧುಗಳ ಮಕ್ಕಳ ಹೊರತು, ತನ್ನ ಮಕ್ಕಳನ್ನು ಪರದೇಶಕ್ಕೆ ಕೊಡುವುದನ್ನೇ ನಿಲ್ಲಿಸಿತು. ೧೯೫೦ರ ದಶಕದಿಂದ ಅಪಾರ ಸಂಖ್ಯೆಯಲ್ಲಿ ಮಕ್ಕಳನ್ನು ಹೊರಗೆ ಕಳಿಸಿದ ದಕ್ಷಿಣ ಕೊರಿಯಾದಲ್ಲಿ, ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ದಾಖಲಿಸಿದ್ದುಂಟೆಂದು ಅಲ್ಲಿಯ ಸತ್ಯಶೋಧನ ಆಯೋಗ ೨೦೨೫ರಲ್ಲಿ ಹೇಳಿತು. ಇವುಗಳನ್ನು ತಿಳಿದ ಮೇಲೆ 'ಎ ಲಾಂಗ್ ವೇ ಹೋಮ್' ಮೊದಲಿನಂತೆ ಓದಿಸಿಕೊಳ್ಳುವುದಿಲ್ಲ. ಆಗ ಇದು ಕೋಟಿಗೊಬ್ಬನಿಗೆ ನಡೆದ ಪವಾಡವೆನಿಸಿತ್ತು. ಪವಾಡ ಊರು ಸಿಕ್ಕಿದ್ದು ಮಾತ್ರ; ಊರು ತಪ್ಪಿದ್ದು ಬಹಳ ಮಕ್ಕಳಿಗೆ ನಡೆದದ್ದು. ಸುಖಾಂತವೊಂದನ್ನು ಓದಿ ಕಣ್ಣೊರಸಿಕೊಂಡು ಪುಸ್ತಕ ಮುಚ್ಚುವ ನಾವು, ಅಂಥ ಅಂತ್ಯ ಸಿಗದವರ ಲೆಕ್ಕವನ್ನೂ ಅದರ ಜೊತೆಗೆ ಮುಚ್ಚಿಬಿಡುತ್ತೇವೆ.

ಹಾಗಾದರೆ ಇಂದು ಇಂಥ ಅರ್ಜಿಯನ್ನು ಮುಂದಿಟ್ಟುಕೊಂಡು ಕುಳಿತಿರುವ ಮನೆಯವರಿಗೆ ಈ ಪುಸ್ತಕದಿಂದ ಏನು ಪ್ರಯೋಜನ? ಮಗು ತರಬೇಡಿ ಎಂದು ಇದು ಹೇಳುವುದಿಲ್ಲ. ಹಾಗೆ ಹೇಳಲು ನನಗೂ ಮನಸ್ಸಿಲ್ಲ. ಕಲ್ಕತ್ತೆಯ ಬೀದಿಯಲ್ಲಿ ಆ ಹುಡುಗನ ಪಾಡು ಏನಾಗುತ್ತಿತ್ತೆಂಬುದನ್ನು ಪುಸ್ತಕದ ಮೊದಲ ಭಾಗ ಚೆನ್ನಾಗಿಯೇ ತೋರಿಸುತ್ತದೆ. ಅದು ಹೇಳುವುದು ಇಷ್ಟು: ಮಗುವಿನ ಕೋಣೆಗೆ ತೊಟ್ಟಿಲು, ಆಟಿಕೆ ತರುವ ದಿನವೇ ಒಂದು ಭೂಪಟವನ್ನೂ ತನ್ನಿ. ಕಾಗದದಲ್ಲಿ ಬರೆದ ಹೆಸರು, ಊರು, 'ಅನಾಥ' ಎಂಬ ಪದ, ಇವುಗಳನ್ನು ಕೊನೆಯ ಮಾತೆಂದು ತಿಳಿಯದೆ ಕೇಳಿ, ಕೆದಕಿ. ಮಗು ಏನಾದರೂ ಹೇಳಿದರೆ ಬರೆದಿಟ್ಟುಕೊಳ್ಳಿ. ಕೊಟ್ಟವರು ಎದುರಿಗಿಲ್ಲದಿದ್ದರೂ ಅವರ ಮಣೆಯನ್ನು ಎತ್ತಿಡಬೇಡಿ.

'ಲಯನ್' ಚಿತ್ರವನ್ನು ನಾನು ಪುಸ್ತಕಕ್ಕಿಂತ ಕೆಳಗೆ ಇಡುತ್ತೇನೆ. ಆದರೆ ಅದರ ಕೊನೆಯಲ್ಲಿ ನಟನಟಿಯರು ಹೊರಟುಹೋದ ಮೇಲೆ ಬರುವ ಒಂದು ತುಣುಕು ಮಾತ್ರ ಪುಸ್ತಕದ ಯಾವ ಪುಟಕ್ಕೂ ಕಡಿಮೆಯಲ್ಲ. ೨೦೧೩ರಲ್ಲಿ ಸ್ಯೂ ಭಾರತಕ್ಕೆ ಬಂದು ಕಮಲಾ ಅವರನ್ನು ಕಂಡಾಗ ತೆಗೆದ ನಿಜವಾದ ಚಿತ್ರ ಅದು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಪ್ಪಿಕೊಂಡು ನಿಲ್ಲುತ್ತಾರೆ, ಪಕ್ಕದಲ್ಲಿ ಮಗ. ಹೆತ್ತವರು ಎದುರಿಗೆ ಇದ್ದು, ಹತ್ತು ಜನ ನೋಡುತ್ತಿರುವಾಗ ನಡೆಯಬೇಕಾದ ಕೆಲಸ ಅಲ್ಲಿ ನಡೆಯಿತು. ಅದು ಇಪ್ಪತ್ತಾರು ವರ್ಷ ತಡವಾಗಿತ್ತು.